17ಕ್ಕೇ ಅಪ್ಪ-ಅಮ್ಮನಿಂದ ಕಾನೂನಿನ ಬಿಡುಗಡೆ ಸಿಗುತ್ತಾ?

ಪ್ರಶ್ನೆ: ನನಗೆ 17 ವರ್ಷ. ಮನೆಯಲ್ಲಿ ದಿನಾ ಬೈಗುಳ, ಹೊಡೆತ. ಅಮೆರಿಕದಲ್ಲಿ ಮಕ್ಕಳು ಕೋರ್ಟಿಗೆ ಹೋಗಿ ಅಪ್ಪ-ಅಮ್ಮನಿಂದ ಬೇರೆ ಆಗಬಹುದಂತೆ. ಇಲ್ಲಿ ಆಗುತ್ತಾ?

ಉತ್ತರ: ಬೇರೆ ಆಗೋಕೆ ಆಗಲ್ಲ. ಆದರೆ ಹೊಡೆತ ನಿಲ್ಲಿಸೋಕೆ ದಾರಿ ಇದೆ, ಅದಕ್ಕೆ 18 ತುಂಬುವವರೆಗೆ ಕಾಯಬೇಕಾಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 14 ತುಂಬಿದವರು ಅರ್ಜಿ ಹಾಕಬಹುದು. ಆದರೆ ಅವರು ಹೆತ್ತವರ ಒಪ್ಪಿಗೆಯಿಂದ ಆಗಲೇ ಬೇರೆ ಇರಬೇಕು, ತಮ್ಮ ಖರ್ಚು-ವೆಚ್ಚ ತಾವೇ ನೋಡಿಕೊಳ್ಳುತ್ತಿರಬೇಕು. ಆದೇಶ ಬಂತೆಂದರೆ ಸಾಕುವ ಹೊಣೆಯಿಂದ ಹೆತ್ತವರಿಗೂ ಬಿಡುಗಡೆ. ನಮ್ಮಲ್ಲಿ 1875ರ ಮೆಜಾರಿಟಿ ಆಕ್ಟ್ ಪ್ರಕಾರ 18 ತುಂಬುವವರೆಗೂ ನೀವು ಮೈನರ್. ನೀವು ಮನೆ ಬಿಟ್ಟರೂ ನಿಮ್ಮನ್ನು ಸಾಕುವ ಹೊಣೆ ಹೆತ್ತವರ ತಲೆಯಿಂದ ಇಳಿಯುವುದಿಲ್ಲ. ಇದು ನಿಮ್ಮ ಪರವಾಗಿರುವ ಮಾತು.

ಬ್ಯಾಗ್ ಎತ್ತಿಕೊಂಡು ಬೆಂಗಳೂರಿನ ಒಂದು ಪಿಜಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಓನರ್ ಆಧಾರ್ ಕಾರ್ಡಲ್ಲಿ ಹುಟ್ಟಿದ ತಾರೀಖು ನೋಡುತ್ತಾರೆ. 'ಅಪ್ಪನ ನಂಬರ್ ಕೊಡಮ್ಮ' ಅಂತಾರೆ. ಸುಮ್ನೆ ಕೇಳುತ್ತಿಲ್ಲ ಅವರು. ಮೈನರ್ ಹಾಕಿದ ಸಹಿಯಿಂದ ಕರಾರು ಆಗುವುದಿಲ್ಲ ಎಂದು 1903ರಲ್ಲೇ ಮೊಹೋರಿ ಬೀಬಿ ಕೇಸಿನಲ್ಲಿ ತೀರ್ಪಾಗಿದೆ.

ಮದುವೆಯಾದರೆ ಮನೆಯಿಂದ ಪಾರಾಗಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಒಂದು ಬಂಧನದಿಂದ ಇನ್ನೊಂದಕ್ಕೆ ಬಿದ್ದ ಹಾಗೆ ಅಷ್ಟೇ.

ನಿಮ್ಮ ದಾರಿ ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯಡಿ ರಚನೆಯಾಗುವ ಈ ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ವಕೀಲರೂ ಬೇಡ, ದೊಡ್ಡವರೂ ಬೇಡ, ನೀವೇ ಹೋಗಿ ನಿಲ್ಲಬಹುದು. ಇದನ್ನು ಎಷ್ಟೋ ಮಕ್ಕಳಿಗೆ ಯಾರೂ ಹೇಳಿಯೇ ಇರುವುದಿಲ್ಲ, ಅದೇ ನನಗೆ ಜಾಸ್ತಿ ಸಂಕಟ. ಸಮಿತಿ ನಿಮ್ಮ ಮಾತು ಕೇಳುತ್ತದೆ, ಮನೆಯ ಪರಿಸ್ಥಿತಿ ವಿಚಾರಿಸುತ್ತದೆ. ಅಲ್ಲಿ ಅಪಾಯ ಇದೆ ಅನ್ನಿಸಿದರೆ ನಿಮ್ಮನ್ನು ನಂಬಿಕಸ್ಥ ಸಂಬಂಧಿಕರ ಬಳಿಯೋ ಬಾಲಮಂದಿರದಲ್ಲೋ ಇರಿಸಬಹುದು. ಹಾಗೆ ಬಾಲಮಂದಿರದಲ್ಲಿದ್ದವರಿಗೆ 18 ಆದ ಮೇಲೂ 21ರವರೆಗೆ ನೆರವು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ಮಾರ್ಕ್ಸ್ ವಿಷಯಕ್ಕೆ, ಮೊಬೈಲ್ ವಿಷಯಕ್ಕೆ ಜಗಳ ಅಂತಾದರೆ ಸಮಿತಿ ಮನೆಯವರನ್ನೂ ಕೂರಿಸಿ ಮಾತಾಡಿಸಿ ವಾಪಸ್ ಕಳಿಸುವುದೇ ಹೆಚ್ಚು. ನಿಮ್ಮದು ಅದಲ್ಲ. ಹೊಡೆತ ಹೊಡೆತವೇ, ಅಲ್ವಾ?

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಎತ್ತುತ್ತಾರೆ. ಈಗ ಎಲ್ಲಿದ್ದೀರಿ, ಕೊನೆಯ ಸಲ ಯಾವಾಗ ಹೊಡೆದರು, ಗಾಯ ಇದೆಯಾ, ಇಷ್ಟು ಹೇಳಿ. ಆಧಾರ್, ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕರೆ ಜೊತೆಗಿರಲಿ. ಸಿಗದಿದ್ದರೂ ಫೋನ್ ಮಾಡಿ.