ಜನ್ಮದಿನ ಒಂದು ದಿನ ಹಿಂದೆ ಸರಿಯುವುದೇಕೆ?

ಬೆಂಗಳೂರಿನಲ್ಲಿ ಕೂತು ಫಾರಂನಲ್ಲಿ ಜನ್ಮದಿನ 15-08-1998 ಎಂದು ತುಂಬಿದಿರಿ ಅನ್ನಿ. ಅದನ್ನು ಡೇಟ್ ಆಬ್ಜೆಕ್ಟ್ (ದಿನಾಂಕ, ಸಮಯ ಎರಡನ್ನೂ ಹಿಡಿದಿಡುವ ರೂಪ) ಮಾಡುವಾಗ ಕೋಡ್ ಸಾಮಾನ್ಯವಾಗಿ ಸ್ಥಳೀಯ ಮಧ್ಯರಾತ್ರಿ 00:00 ಎಂದು ತಾನೇ ಸೇರಿಸಿಕೊಳ್ಳುತ್ತದೆ. ಮೊಂಗೋಡಿಬಿ ಎಂಬ ಡೇಟಾಬೇಸ್ ದಿನಾಂಕವನ್ನು ಇಟ್ಟುಕೊಳ್ಳುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದ ಮಿಲಿಸೆಕೆಂಡುಗಳಲ್ಲಿ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದು; ಅಷ್ಟನ್ನು ಕಳೆದು, ಒಳಗೆ ಕೂರುವುದು 1998-08-14, 18:30. ಬೆಂಗಳೂರಿನ ಫೋನಿನಲ್ಲಿ ತೆರೆದರೆ ಮತ್ತೆ 15 ಎಂದೇ ಕಾಣುತ್ತದೆ, ಹಾಗಾಗಿ ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ಕ್ಲೌಡ್ ಸರ್ವರಿನ ಗಡಿಯಾರ ಬಹುತೇಕ ಯುಟಿಸಿಯದೇ. ಅಲ್ಲಿ ತಯಾರಾದ ಪಿಡಿಎಫ್‌ನಲ್ಲಿ 14 ಅಚ್ಚಾಗುತ್ತದೆ.

ಇದಕ್ಕೆ 19,800 ಸೆಕೆಂಡ್ (ಅದೇ ಐದೂವರೆ ಗಂಟೆ) ಕೂಡಿಸಿ ತೇಪೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಜನ್ಮದಿನಕ್ಕೆ ಗಂಟೆಯೂ ಇಲ್ಲ, ಟೈಮ್‌ಝೋನೂ ಇಲ್ಲ; '1998-08-15' ಎಂಬ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿಯೇ ಇಡಿ. ಆರ್ಡರ್ ಬಿದ್ದ ಗಳಿಗೆ, ಲಾಗಿನ್ ಆದ ಗಳಿಗೆ, ಇವಕ್ಕೆ ಮಾತ್ರ ಯುಟಿಸಿ.

ಅಮೆಜಾನ್‌ನ ಡೇಟಾಬೇಸ್ ಆದ ಡೈನಮೋಡಿಬಿಯಲ್ಲಿ ದಿನಾಂಕದ ಟೈಪೇ ಇಲ್ಲ, ಅದನ್ನು ಇಡಲು ನಂಬರ್ ಅಥವಾ ಸ್ಟ್ರಿಂಗ್ ಅಷ್ಟೆ. ಅವಧಿ ಮುಗಿದ ದಾಖಲೆ ತಾನಾಗಿ ಅಳಿಯಲು ಇರುವ ಟಿಟಿಎಲ್ ಫೀಲ್ಡ್‌ಗೆ 1970ರಿಂದ ಎಣಿಸಿದ ಸೆಕೆಂಡುಗಳು ನಂಬರ್ ರೂಪದಲ್ಲೇ ಬೇಕು. ಜಾವಾಸ್ಕ್ರಿಪ್ಟ್ ಕೊಡುವುದು ಮಿಲಿಸೆಕೆಂಡು. 1000ದಿಂದ ಭಾಗಿಸಿ ದಶಮಾಂಶ ತೆಗೆಯಬೇಕು; ಭಾಗಿಸಲು ಮರೆತರೆ ದಾಖಲೆ ಅಳಿಯುವ ದಿನ ಐವತ್ತು ಸಾವಿರ ವರ್ಷಕ್ಕೂ ಆಚೆ ಹೋಗಿ ಕೂರುತ್ತದೆ. ಎರರ್ ಬರುವುದಿಲ್ಲ, ಟೇಬಲ್ ಸುಮ್ಮನೆ ಊದುತ್ತಾ ಹೋಗುತ್ತದೆ. ಸರಿಯಾಗಿ ಕೊಟ್ಟರೂ ಅಳಿಯಲು ಕೆಲವು ದಿನ ಹಿಡಿಯಬಹುದು. ಒಟಿಪಿಯಂಥದ್ದಕ್ಕೆ ಓದುವಾಗಲೂ ಅವಧಿ ನೋಡಿ.

ಸ್ಟ್ರಿಂಗ್ ಆರಿಸಿದರೆ ಅಕ್ಷರಕ್ರಮವೇ ಕಾಲಕ್ರಮ ಆಗಬೇಕು. ಅದಕ್ಕೆ ವರ್ಷ ಮೊದಲು ಬಂದರೆ ಸಾಲದು, ಉದ್ದವೂ ಒಂದೇ ಇರಬೇಕು. ಜಾವಾದಲ್ಲಿ ಗಳಿಗೆಯನ್ನು ಹಿಡಿದಿಡುವ ಇನ್‌ಸ್ಟಂಟ್ ಎಂಬ ಟೈಪ್ ಸೆಕೆಂಡಿನ ಭಿನ್ನಾಂಶ ಸೊನ್ನೆಯಿದ್ದರೆ ಅದನ್ನು ಬಿಟ್ಟೇ ಬರೆಯುತ್ತದೆ. ಆಗ 10:00:00ರ ಬೆನ್ನಿಗೆ ಯುಟಿಸಿಯ ಗುರುತಾದ ಝಡ್ (Z), 10:00:00.500ರಲ್ಲಿ ಅದೇ ಜಾಗದಲ್ಲಿ ಚುಕ್ಕಿ. ಆಸ್ಕಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿ) ಕ್ರಮದಲ್ಲಿ ಚುಕ್ಕಿ ಝಡ್‌ಗಿಂತ ಮುಂಚೆ, ಆದ್ದರಿಂದ ಅರ್ಧ ಸೆಕೆಂಡ್ ತಡವಾಗಿ ಬಂದ ದಾಖಲೆ ಸಾಲಿನಲ್ಲಿ ಮುಂದೆ ನಿಲ್ಲುತ್ತದೆ. ಯಾವಾಗಲೂ ಮೂರು ಅಂಕಿಯ ಭಿನ್ನಾಂಶ ಬರೆಯುವ ಫಾರ್ಮ್ಯಾಟರ್ ಬಳಸಿ.

ಮುಂದಿನ ಅಪಾಯಿಂಟ್‌ಮೆಂಟ್‌ಗೆ ಯುಟಿಸಿ ಒಂದೇ ಸಾಲದು. ನ್ಯೂಜೆರ್ಸಿಯ ಕನ್ನಡ ತರಗತಿ ಪ್ರತಿ ಭಾನುವಾರ ಅಲ್ಲಿನ ಬೆಳಿಗ್ಗೆ 10ಕ್ಕೆ ಎಂದಿದ್ದರೆ, ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸ್ಥಳೀಯ ಸಮಯ 10:00, ಝೋನಿನ ಹೆಸರು ನ್ಯೂಯಾರ್ಕ್ (ನ್ಯೂಜೆರ್ಸಿಯದೂ ಅದೇ ಝೋನ್), ಎರಡನ್ನೂ ಬೇರೆ ಬೇರೆ ಫೀಲ್ಡ್‌ನಲ್ಲಿಡಿ. ಯುಟಿಸಿಯನ್ನು ಅವುಗಳಿಂದ ಲೆಕ್ಕ ಹಾಕಿ. ಬರೀ ಮೈನಸ್ 5 ಗಂಟೆ ಎಂದು ಬರೆದಿಟ್ಟರೆ ಮಾರ್ಚ್‌ನ ಆ ಭಾನುವಾರದಿಂದ ಮೇಷ್ಟ್ರಿಗೆ ರಿಮೈಂಡರ್ ಹೋಗುವುದು ಒಂದು ಗಂಟೆ ತಡವಾಗಿ.