ಎರಡು ವಾರದ ಸುರಂಗ: ಅಜೈಲ್ ಕಲಿಯುವವರಿಗೆ ಒಂದು ಟಿಪ್ಪಣಿ

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮದೊಂದು ಆರು ಜನರ ಓದಿನ ಗುಂಪಿದೆ. ಮೂವರು ಬಿ.ಸಿ.ಎ. ಓದುತ್ತಿದ್ದಾರೆ, ಇಬ್ಬರು ಈಗಷ್ಟೇ ಕೆಲಸಕ್ಕೆ ಸೇರಿದವರು, ಉಳಿದವನು ನಾನು. ಕಳೆದ ಶನಿವಾರ ಅಜೈಲ್, ಅಂದರೆ ಸಾಫ್ಟ್‌ವೇರ್ ಅನ್ನು ಸಣ್ಣ ಸಣ್ಣ ತುಂಡಾಗಿ ಮಾಡಿ ತೋರಿಸುತ್ತ ಹೋಗುವ ವಿಧಾನದ ಪಾಠ ನನ್ನ ಪಾಲಿಗೆ ಬಂತು. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂದರು, ಹಾಗಾಗಿ ಇದು. ಪರೀಕ್ಷೆಗೆ ಓದುವವರು ಇಸವಿಗಳ ಕೆಳಗೆ ಗೆರೆ ಎಳೆದುಕೊಳ್ಳಿ. ಕೆಲಸಕ್ಕೆ ಹೋಗುವವರು ಅಡಿಕೆ ಚೀಟಿಯ ಕತೆ ತಪ್ಪದೆ ಓದಿ.

ಸುರಂಗದಿಂದ ಶುರು ಮಾಡುತ್ತೇನೆ. ಬಾಯಾರು, ಪೆರ್ಲ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡುವುದು ನಮಗೆಲ್ಲ ಗೊತ್ತು. ಮುರಕಲ್ಲಿನ ಗುಡ್ಡ, ಒಬ್ಬರು ನುಸುಳುವಷ್ಟು ದಾರಿ, ಕೈಯಲ್ಲಿ ಪಿಕ್ಕಾಸು. ನೀರು ಎಲ್ಲಿ ಸಿಗುತ್ತದೆ ಎಂದು ಮೊದಲೇ ಯಾರೂ ಬರೆದು ಕೊಡುವುದಿಲ್ಲ. ತೋಡುವವರು ನಾಲ್ಕು ಕೋಲು ಉದ್ದ ಹೋಗುತ್ತಾರೆ, ಮಣ್ಣು ಮುಟ್ಟಿ ನೋಡುತ್ತಾರೆ. ತಂಪಿದ್ದರೆ ಮುಂದೆ. ಒಣಗಿದ್ದರೆ ದಿಕ್ಕು ತಿರುಗಿಸುತ್ತಾರೆ. ಗಟ್ಟಿ ಬಂಡೆ ಅಡ್ಡ ಬಂದರೆ ಹೊರಗೆ ಬಂದು ಮನೆಯವರ ಹತ್ತಿರ ಮಾತಾಡುತ್ತಾರೆ. ನೂರು ಕೋಲಿನ ನಕ್ಷೆ ಮಾಡಿ, ಅಷ್ಟನ್ನೂ ತೋಡಿ ಮುಗಿಸಿ, ಆಮೇಲೆ ನೀರುಂಟಾ ಎಂದು ನೋಡುವವರನ್ನು ನಾನಂತೂ ಕಂಡಿಲ್ಲ.

ಸಾಫ್ಟ್‌ವೇರ್‌ನಲ್ಲಿ ಮಾತ್ರ ಬಹಳ ಕಾಲ ಹಾಗೆಯೇ ನಡೆಯಿತು. ಮೊದಲು ಬೇಡಿಕೆ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಎಲ್ಲಕ್ಕಿಂತ ಕೊನೆಗೆ ಟೆಸ್ಟಿಂಗ್. ಇದಕ್ಕೆ ವಾಟರ್‌ಫಾಲ್ ಎನ್ನುತ್ತಾರೆ. 1970ರಲ್ಲಿ ಅಮೆರಿಕದ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನದ ಚಿತ್ರವನ್ನು ಎಲ್ಲ ಪಠ್ಯಗಳೂ ಹಾಕುತ್ತವೆ. ಗಮ್ಮತ್ತು ಏನೆಂದರೆ, ಆ ಲೇಖನದಲ್ಲಿ ವಾಟರ್‌ಫಾಲ್ ಎಂಬ ಪದವೇ ಇಲ್ಲ. ಟೆಸ್ಟಿಂಗ್ ಅನ್ನು ಕೊನೆಗೆ ಇಟ್ಟುಕೊಂಡು ಹೀಗೆ ನಡೆದರೆ ಅಪಾಯ, ಕೆಲಸ ಕೆಡುತ್ತದೆ ಎಂದು ಅವರೇ ಎಚ್ಚರಿಸಿದ್ದರು. ಜನ ಚಿತ್ರ ಇಟ್ಟುಕೊಂಡರು, ಮಾತು ಬಿಟ್ಟರು.

ಈ ಟಿಪ್ಪಣಿಯಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ತಪ್ಪು ಮಾಡಿದ ದಿನಕ್ಕೂ ಅದು ತಪ್ಪೆಂದು ಗೊತ್ತಾಗುವ ದಿನಕ್ಕೂ ನಡುವೆ ಎಷ್ಟು ಅಂತರ? ಅದನ್ನು ಕಡಿಮೆ ಮಾಡುವುದಕ್ಕೆ ಅಜೈಲ್. ಮೀಟಿಂಗ್, ಒಂದೊಂದು ಕೆಲಸ ಬರೆದಿಡುವ ಕಾರ್ಡ್, ಆ ಕಾರ್ಡುಗಳನ್ನು ಹಚ್ಚುವ ಬೋರ್ಡ್ ಎಲ್ಲ ಅದಕ್ಕಾಗಿ ಮಾಡಿಕೊಂಡ ಏರ್ಪಾಡು. ಅಂತರ ಕಡಿಮೆಯಾಗದಿದ್ದರೆ ಏರ್ಪಾಡು ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ.

ಇಸವಿಗಳು, ಬೇಗ ಬೇಗ

2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಸೇರಿದರು. ಹಿಮದಲ್ಲಿ ಜಾರುವ ಆಟಕ್ಕೆ ಹೆಸರಾದ ಜಾಗ ಅದು. ಬಂದವರಲ್ಲಿ ಹೆಚ್ಚಿನವರು ಅಷ್ಟರಲ್ಲೇ ತಮ್ಮದೇ ಹಗುರ ವಿಧಾನಗಳಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿ ಹುಟ್ಟಿದ್ದು ಅಜೈಲ್ ಪ್ರಣಾಳಿಕೆ. ಅದರಲ್ಲಿ 4 ಮೌಲ್ಯ, 12 ತತ್ತ್ವ. ಮೌಲ್ಯಗಳು ನನ್ನ ಮಾತಿನಲ್ಲಿ ಹೀಗೆ: ವಿಧಾನ-ಸಲಕರಣೆಗಿಂತ ಜನರೂ ಅವರ ಮಾತುಕತೆಯೂ ಮುಖ್ಯ, ದಪ್ಪ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ, ಕರಾರಿನ ಚೌಕಾಸಿಗಿಂತ ಗ್ರಾಹಕರ ಜೊತೆಗಿನ ಕೆಲಸ ಮುಖ್ಯ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ತಕ್ಕಂತೆ ನಡೆಯುವುದು ಮುಖ್ಯ. ದಾಖಲೆ ಬೇಡ, ಯೋಜನೆ ಬೇಡ ಎಂದು ಎಲ್ಲಿಯೂ ಇಲ್ಲ. ಅವಕ್ಕೂ ಬೆಲೆ ಇದೆ, ಇವಕ್ಕೆ ಜಾಸ್ತಿ ಬೆಲೆ ಎಂದಿದೆ ಅಷ್ಟೆ. ವೈವಾದಲ್ಲಿ ಹೆಚ್ಚಿನವರು ಜಾರುವುದು ಇಲ್ಲೇ.

ಅಜೈಲ್ ರೀತಿಯಲ್ಲಿ ತಂಡ ಕೆಲಸ ಮಾಡಲು ಇರುವ ಒಂದು ಚೌಕಟ್ಟು ಸ್ಕ್ರಮ್. ಅದು ಪ್ರಣಾಳಿಕೆಗಿಂತ ಹಳೆಯದು. 1986ರಲ್ಲಿ ಟಾಕೆಯುಚಿ, ನೊನಾಕ ಎಂಬ ಇಬ್ಬರು ಜಪಾನಿನ ಪ್ರಾಧ್ಯಾಪಕರು ಹೊಸ ಸರಕು ತಯಾರಿಸುವ ತಂಡಗಳನ್ನು ರಗ್ಬಿ ಆಟಕ್ಕೆ ಹೋಲಿಸಿ ಬರೆದರು. ಒಬ್ಬರಿಂದ ಒಬ್ಬರಿಗೆ ಕೋಲು ಕೊಡುವ ರಿಲೇ ಓಟ ಬೇಡ, ಎಲ್ಲರೂ ಒಟ್ಟಿಗೆ ಚೆಂಡಿನ ಜೊತೆ ಮುಂದೆ ಹೋಗಲಿ ಎಂಬುದು ಅವರ ಮಾತು. ಸ್ಕ್ರಮ್ ಎಂಬ ಹೆಸರು ರಗ್ಬಿಯಿಂದಲೇ ಬಂದದ್ದು. ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ 1995ರಲ್ಲಿ ಸ್ಕ್ರಮ್ ಅನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದರು. ಅವರಿಬ್ಬರು ಬರೆದ ನಿಯಮಗಳ ಕೈಪಿಡಿ ಸ್ಕ್ರಮ್ ಗೈಡ್ ಮೊದಲು ಬಂದದ್ದು 2010ರಲ್ಲಿ. ನಾನು ಇಲ್ಲಿ ಬಳಸಿರುವುದು 2020ರ ಆವೃತ್ತಿ.

ಒಂದು ತುಂಡು ಕೆಲಸ ಮುಗಿಸಲು ಹಾಕಿಕೊಂಡ ನಿಗದಿತ ಅವಧಿಗೆ ಸ್ಪ್ರಿಂಟ್ ಎನ್ನುತ್ತಾರೆ. ಅದು ಒಂದು ತಿಂಗಳಿಗಿಂತ ಉದ್ದ ಇರಬಾರದು. ದಿನದ ಭೇಟಿ (ಸ್ಟ್ಯಾಂಡಪ್ ಎಂದೂ ಹೇಳುತ್ತಾರೆ) 15 ನಿಮಿಷ. ತಿಂಗಳ ಸ್ಪ್ರಿಂಟಿಗೆ ಯೋಜನೆಯ ಸಭೆ ಹೆಚ್ಚೆಂದರೆ 8 ಗಂಟೆ, ಮಾಡಿದ್ದನ್ನು ತೋರಿಸುವ ರಿವ್ಯೂ 4, ಕೆಲಸ ಮಾಡಿದ ರೀತಿಯನ್ನು ಹಿಂತಿರುಗಿ ನೋಡುವ ರೆಟ್ರೊ 3. ಸ್ಪ್ರಿಂಟ್ ಚಿಕ್ಕದಾದರೆ ಸಭೆಗಳೂ ಚಿಕ್ಕವು. ತಂಡ ಸಾಮಾನ್ಯವಾಗಿ 10 ಜನ ಅಥವಾ ಅದಕ್ಕಿಂತ ಕಡಿಮೆ. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು’ ಎಂಬ ದಿನದ ಭೇಟಿಯ ಮೂರು ಪ್ರಶ್ನೆಗಳನ್ನು 2020ರ ಆವೃತ್ತಿ ಕೈಬಿಟ್ಟಿದೆ. ಹಳೆಯ ನೋಟ್ಸ್ ಇಟ್ಟುಕೊಂಡವರು ತಿದ್ದಿಕೊಳ್ಳಿ.

ಸ್ಪ್ರಿಂಟ್ ಗುರಿಗೂ ಸ್ಪ್ರಿಂಟ್ ಬ್ಯಾಕ್‌ಲಾಗ್‌ಗೂ (ಆ ಸ್ಪ್ರಿಂಟಿಗೆ ಆರಿಸಿಕೊಂಡ ಕೆಲಸಗಳ ಪಟ್ಟಿ) ವ್ಯತ್ಯಾಸ ಏನು ಎಂದು ಗುಂಪಿನಲ್ಲಿ ಕೇಳಿದರು. ತಾಳಮದ್ದಳೆ ನೆನಪಿಸಿಕೊಳ್ಳಿ. ಪ್ರಸಂಗದ ಪದ್ಯ ಭಾಗವತರು ಹಾಡಿದಂತೆ, ಅದು ಬದಲಾಗುವುದಿಲ್ಲ. ಅರ್ಥಧಾರಿ ಹೇಳುವ ಮಾತು ಮಾತ್ರ ಎದುರಿನವರನ್ನು ನೋಡಿಕೊಂಡು ಆಯಾ ರಾತ್ರಿ ಹುಟ್ಟುತ್ತದೆ. ಗುರಿ ಪದ್ಯದ ಹಾಗೆ, ಬ್ಯಾಕ್‌ಲಾಗ್‌ನ ಕೆಲಸಗಳು ಅರ್ಥದ ಹಾಗೆ. ಗುರಿ ಹಾಳಾಗದಂತೆ ಕೆಲಸಗಳನ್ನು ಸ್ಪ್ರಿಂಟ್ ನಡುವೆಯೂ ಹೆಚ್ಚು ಕಡಿಮೆ ಮಾಡಬಹುದು.

ಅಡಿಕೆ ಚೀಟಿ

ಈಗ ಕತೆ. ನಾನು ಮೊದಲು ಸೇರಿದ ತಂಡದಲ್ಲಿ ನಾಲ್ಕೇ ಜನ. ಅಡಿಕೆ ಖರೀದಿ ಮಾಡುವ ಒಂದು ಅಂಗಡಿಗೆ ಲೆಕ್ಕದ ಆ್ಯಪ್ ಮಾಡಬೇಕಿತ್ತು. ನಾನು ಉತ್ಸಾಹದಲ್ಲಿ ಇಡೀ ಡೇಟಾಬೇಸ್ ಒಮ್ಮೆಲೇ ವಿನ್ಯಾಸ ಮಾಡಲು ಹೊರಟಿದ್ದೆ. ಸ್ಟಾಕು, ಜಿ.ಎಸ್.ಟಿ., ವರ್ಷದ ವರದಿ, ಎಲ್ಲ. ನಮ್ಮ ತಂಡದ ಹಿರಿಯಕ್ಕ ತಡೆದರು. ಮೊದಲ ಎರಡು ವಾರಕ್ಕೆ ಒಂದೇ ಕಾರ್ಡ್ ಅಂದರು: ‘ಅಡಿಕೆ ತಂದವರ ಕೈಗೆ ತೂಕ, ರೇಟು, ಮೊತ್ತ ಇರುವ ಚೀಟಿ ಸಿಗಬೇಕು, ಅವರು ಅದನ್ನು ಹಿಡಿದು ಕ್ಯಾಷಿಗೆ ಹೋಗುವಂತಿರಬೇಕು.’

ಗಮನಿಸಿ, ಆ ಕಾರ್ಡಿನಲ್ಲಿ ಟೇಬಲ್ ಇಲ್ಲ, ಸರ್ವರ್ ಇಲ್ಲ. ಯಾರಿಗೆ, ಏನು, ಯಾಕೆ ಎಂಬುದಷ್ಟೇ ಇದೆ. ಕಾರ್ಡು, ಮಾತುಕತೆ, ಖಾತ್ರಿ ಈ ಮೂರೂ ಸೇರಿದರೆ ಯೂಸರ್ ಸ್ಟೋರಿ (ಬಳಸುವವರ ಕಡೆಯಿಂದ ಹೇಳಿದ ಬೇಡಿಕೆ) ಎಂದು ಸ್ನೋಬರ್ಡಿಗೆ ಬಂದವರಲ್ಲೊಬ್ಬರಾದ ರಾನ್ ಜೆಫ್ರೀಸ್ 2001ರಲ್ಲಿ ಬರೆದರು. ಕಾರ್ಡು ನೆನಪಿಗೆ ಮಾತ್ರ. ವಿಷಯ ತಿಳಿಯುವುದು ಮಾತುಕತೆಯಲ್ಲಿ.

ಒಂಬತ್ತನೇ ದಿನ ಚೀಟಿ ಪ್ರಿಂಟ್ ಆಗುತ್ತಿತ್ತು. ಲ್ಯಾಪ್‌ಟಾಪ್ ತೆಗೆದುಕೊಂಡು ಅಂಗಡಿಗೆ ಹೋದೆವು. ತೂಕ ಮಾಡುವ ಹಿರಿಯರು ಒಬ್ಬರು ಸ್ಕ್ರೀನ್ ನೋಡಿ ಕೇಳಿದರು, “ಇದೆಂತದು ಮಾರಾಯ್ರೇ, ಒಂದು ಗೋಣಿಗೆ ಒಂದೇ ರೇಟಾ?”

ಹೌದು ಅಂದೆವು. ಅವರು ಮಾತಾಡಲಿಲ್ಲ. ಪಕ್ಕದ ಗೋಣಿ ಬಿಚ್ಚಿ ನೆಲಕ್ಕೆ ಸುರಿದರು. ಕುಳಿತು ಕೈಯಲ್ಲೇ ಬೇರೆ ಮಾಡತೊಡಗಿದರು. ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿಗಡ್ಡೆ, ಕರಿಗೋಟು. ಎಲ್ಲ ಅಡಿಕೆಯ ದರ್ಜೆಗಳ ಹೆಸರು. ಐದೇ ನಿಮಿಷದಲ್ಲಿ ನಾಲ್ಕು ರಾಶಿ. ಒಬ್ಬರೇ ಕೃಷಿಕರು, ಒಂದೇ ಗೋಣಿ, ನಾಲ್ಕು ತೂಕ, ನಾಲ್ಕು ರೇಟು. ನಾವು ಒಂದು ಚೀಟಿಗೆ ಒಂದೇ ದರ್ಜೆ ಇಟ್ಟಿದ್ದೆವು! ನಾನು ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು. ಅಪ್ಪ ಅಂಗಳದಲ್ಲಿ ಪಟೋರ ಆರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೋಡ್ ಬರೆಯುವಾಗ ಅದು ಯಾಕೆ ನೆನಪಾಗಲಿಲ್ಲವೋ ದೇವರಿಗೇ ಗೊತ್ತು.

ಡೇಟಾಬೇಸ್ ಲೆಕ್ಕದಲ್ಲಿ ಇದು ದೊಡ್ಡ ಬದಲಾವಣೆ. ಚೀಟಿಗೆ ಒಂದು ಟೇಬಲ್, ಚೀಟಿಯ ಒಳಗಿನ ಸಾಲುಗಳಿಗೆ ಇನ್ನೊಂದು ಟೇಬಲ್ ಆಗಬೇಕು. ನಮಗೆ ಎರಡು ದಿನ ಹಿಡಿಯಿತು. ನನ್ನ ಮೊದಲಿನ ಯೋಚನೆಯಂತೆ ಹೋಗಿದ್ದರೆ ಆ ತಪ್ಪಿನ ಮೇಲೆ ಸ್ಟಾಕು, ತೆರಿಗೆ, ವರದಿ ಎಲ್ಲ ಕಟ್ಟಿ ಆರು ತಿಂಗಳ ನಂತರ ಗೋಣಿ ಬಿಚ್ಚುತ್ತಿದ್ದೆವು.

ಎರಡೇ ದಿನದಲ್ಲಿ ಆದದ್ದು ಹೇಗೆ? ಸ್ಪ್ರಿಂಟ್ ಚಿಕ್ಕದಿತ್ತು ಎಂಬುದು ಅರ್ಧ ಉತ್ತರ. ಉಳಿದರ್ಧ, ಅಕ್ಕ ಪ್ರತಿ ಲೆಕ್ಕಕ್ಕೂ ಟೆಸ್ಟ್, ಅಂದರೆ ಲೆಕ್ಕ ಸರಿ ಬರುತ್ತದಾ ಎಂದು ತಾನಾಗಿ ನೋಡುವ ಸಣ್ಣ ಕೋಡ್, ಬರೆಸಿದ್ದರು. ಟೇಬಲ್ ಬದಲಿಸಿ ಟೆಸ್ಟ್ ಓಡಿಸಿದಾಗ ಏನೇನು ಮುರಿದಿದೆ ಎಂದು ಒಂದು ನಿಮಿಷದಲ್ಲಿ ಕಂಡಿತು. ಸ್ಕ್ರಮ್ ಗೈಡ್ ಕೋಡ್ ಹೇಗೆ ಬರೆಯಬೇಕು ಎಂದು ಹೇಳುವುದಿಲ್ಲ. ಅದನ್ನು ಒತ್ತಿ ಹೇಳಿದ್ದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಇನ್ನೊಂದು ಅಜೈಲ್ ವಿಧಾನ. 1990ರ ದಶಕದಲ್ಲಿ ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕದ ಯೋಜನೆಯಲ್ಲಿ ಕೆಂಟ್ ಬೆಕ್ ಮತ್ತು ಜೊತೆಗಾರರು ರೂಢಿಗೆ ತಂದದ್ದು. ಮೊದಲು ಟೆಸ್ಟ್, ಇಬ್ಬರು ಕೂತು ಒಂದೇ ಕೋಡ್ ಬರೆಯುವುದು, ದಿನಕ್ಕೆ ಹಲವು ಸಲ ಎಲ್ಲರ ಕೋಡ್ ಸೇರಿಸುವುದು. ಕಂಪನಿಗಳು ಸ್ಕ್ರಮ್ ತೆಗೆದುಕೊಂಡು ಇದನ್ನು ಬಿಟ್ಟುಬಿಡುತ್ತವೆ. ಮೀಟಿಂಗ್ ಶುರು ಮಾಡುವುದು ಸುಲಭ, ಟೆಸ್ಟ್ ಬರೆಯುವುದು ಕಷ್ಟ, ಅಲ್ವಾ?

ಹೆಸರು ಸ್ಕ್ರಮ್, ಒಳಗೆ ಹಳೆಯದೇ

ಎರಡನೆಯ ಕೆಲಸದಲ್ಲಿ ಸರಿಯಾಗಿ ಉಲ್ಟಾ ನೋಡಿದೆ. ಕಂಪನಿಯ ಹೆಸರು ಬೇಡ. ಆರು ತಿಂಗಳ ಕೆಲಸವನ್ನು ಎರಡೆರಡು ವಾರದ 13 ಸ್ಪ್ರಿಂಟ್ ಎಂದು ಹಂಚಿದ್ದರು. ಹದಿಮೂರನೆಯದರಲ್ಲಿ ಯಾರು ಏನು ಮಾಡಬೇಕು ಎಂಬುದು ಮೊದಲ ದಿನವೇ ಎಕ್ಸೆಲ್ ಶೀಟಿನಲ್ಲಿತ್ತು. ಟೆಸ್ಟಿಂಗ್ ಎಲ್ಲಿ ಬರುತ್ತದೆ ಎಂದು ನೋಡಿದೆ. ಹನ್ನೆರಡು, ಹದಿಮೂರರಲ್ಲಿ. ಗ್ರಾಹಕರು ನಮ್ಮ ಕೆಲಸ ಮೊದಲು ನೋಡಿದ್ದು ಐದನೇ ತಿಂಗಳಲ್ಲಿ. ತಪ್ಪು ಗೊತ್ತಾಗುವ ಅಂತರ ಒಂದು ದಿನವೂ ಕಡಿಮೆಯಾಗಿರಲಿಲ್ಲ.

ಸ್ಟ್ಯಾಂಡಪ್ 14 ಜನರದ್ದು, 45 ನಿಮಿಷ. ಎಲ್ಲರೂ ಮ್ಯಾನೇಜರ್ ಮುಖ ನೋಡಿಕೊಂಡು ಹಾಜರಿ ಒಪ್ಪಿಸುತ್ತಿದ್ದರು. ಪಕ್ಕದವನು ಏನು ಹೇಳಿದ ಎಂದು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ಟ್ಯಾಂಡಪ್ ಎಂದರೆ ತಂಡ ತನ್ನ ಇವತ್ತಿನ ಕೆಲಸವನ್ನು ತಾನೇ ಹೊಂದಿಸಿಕೊಳ್ಳುವ ಸಮಯ. ಮೇಲಿನವರಿಗೆ ವರದಿ ಬೇಕಾದರೆ ಬೋರ್ಡ್ ನೋಡಬಹುದು.

ಇನ್ನು ವೆಲಾಸಿಟಿ. ಒಂದು ಸ್ಪ್ರಿಂಟಿನಲ್ಲಿ ತಂಡ ಮುಗಿಸಿದ ಸ್ಟೋರಿ ಪಾಯಿಂಟುಗಳ (ಕೆಲಸ ಎಷ್ಟು ದೊಡ್ಡದು ಎಂದು ತಂಡ ಹಾಕುವ ಅಂದಾಜು ಅಂಕ) ಮೊತ್ತ ಅದು. ಮುಂದಿನ ಸ್ಪ್ರಿಂಟಿಗೆ ಎಷ್ಟು ಹಿಡಿಯಬಹುದು ಎಂದು ಅಂದಾಜು ಮಾಡಲು ಒಳ್ಳೆಯದು. ನಮ್ಮಲ್ಲಿ ಅದನ್ನು ಶೇ. 20 ಏರಿಸಿ ಎಂದರು. ಏರಿಸಿದೆವು. 3 ಪಾಯಿಂಟಿನ ಕೆಲಸಕ್ಕೆ 5 ಎಂದು ಬರೆದೆವು. ಗ್ರಾಫ್ ಮೇಲೆ ಹೋಯಿತು, ಎಲ್ಲರಿಗೂ ಖುಷಿ, ಕೆಲಸ ಇದ್ದಷ್ಟೇ. ಮೋಸ ಅಂತ ಆಗ ಅನ್ನಿಸಲೇ ಇಲ್ಲ.

ಒಂದು ಸಣ್ಣ ಭಾಗಾಕಾರ

ಕಾನ್‌ಬಾನ್ ಬಗ್ಗೆ ಎರಡೇ ಮಾತು. ಟೊಯೋಟಾ ಕಾರ್ಖಾನೆಯಿಂದ ಬಂದ ವಿಧಾನ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಫಲಕ ಎಂದರ್ಥ. ಇದರಲ್ಲಿ ಸ್ಪ್ರಿಂಟ್ ಕಡ್ಡಾಯ ಅಲ್ಲ. ಒಂದು ಹೊತ್ತಿಗೆ ಕೈಯಲ್ಲಿ ಎಷ್ಟು ಕೆಲಸ ಇರಬಹುದು ಎಂಬುದಕ್ಕೆ ಮಿತಿ ಹಾಕುತ್ತಾರೆ.

ಮಿತಿ ಯಾಕೆ ಎಂಬುದಕ್ಕೆ ಲಿಟಲ್ ನಿಯಮ ನೋಡಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಸರಾಸರಿ ಲೆಕ್ಕದಲ್ಲಿ, ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ವಾರಗಳು ಸಿಗುತ್ತವೆ. ತಂಡದ ಕೈಯಲ್ಲಿ 12 ಇವೆ, ವಾರಕ್ಕೆ 4 ಮುಗಿಯುತ್ತವೆ ಎಂದಿಟ್ಟುಕೊಳ್ಳಿ. ಒಂದು ಕೆಲಸಕ್ಕೆ 3 ವಾರ. ಯಾರೂ ಹೆಚ್ಚು ದುಡಿಯುವುದು ಬೇಡ, ವೇಗ ಅಷ್ಟೇ ಇರಲಿ, ಕೈಯಲ್ಲಿರುವುದನ್ನು 6ಕ್ಕೆ ಇಳಿಸಿ. ಒಂದೂವರೆ ವಾರ! ಗೋಣಿ ಬಿಚ್ಚುವ ದಿನ ಅಷ್ಟು ಬೇಗ ಬಂತು. ಎಲ್ಲವನ್ನೂ ಶುರು ಮಾಡಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ ಎಂದು ನಮಗೆಲ್ಲ ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ.

ನಮ್ಮ ಕಡೆಯವರಿಗೆ ಮಾತ್ರ

ಇದು ಯಾವ ಸಿಲೆಬಸ್‌ನಲ್ಲೂ ಇಲ್ಲ. ನಾವು ಕನ್ನಡ ಮೀಡಿಯಂನಲ್ಲಿ ಓದಿದವರು, ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ. ಕೆಲಸ ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಸಿಕ್ಕಿದರೆ ತಂಡದ ಮಾತು ಮಲಯಾಳ-ಇಂಗ್ಲಿಷ್ ಕಲಸಿದ್ದು. ನಾನೊಮ್ಮೆ ಒಂದು ತೊಡಕಿನಲ್ಲಿ ಎರಡು ದಿನ ಸಿಕ್ಕಿಕೊಂಡಿದ್ದೆ. ಸ್ಟ್ಯಾಂಡಪ್‌ನಲ್ಲಿ ನನ್ನ ಸರದಿ ಬಂದಾಗ ಮಲಯಾಳ ವಾಕ್ಯ ಸರಿ ಮಾಡಿಕೊಳ್ಳುವಷ್ಟರಲ್ಲಿ ಸುಮ್ನೆ “ಓಕೆ, ನಡೀತಾ ಉಂಟು” ಎಂದು ಮುಗಿಸಿದೆ. ಅದೂ ಕನ್ನಡದಲ್ಲಿ. ಎಲ್ಲರೂ ನಕ್ಕರು. ತೊಡಕು ಹಾಗೇ ಉಳಿಯಿತು. ಮೂರನೇ ದಿನ ಪಕ್ಕದವರು ಹತ್ತು ನಿಮಿಷದಲ್ಲಿ ಬಿಡಿಸಿದರು.

ಅದನ್ನು ಆ ಸಲದ ರೆಟ್ರೊದಲ್ಲಿ ಹೇಳಿದೆ. ಅಲ್ಲಿ ಬಾಯಲ್ಲಿ ಹೇಳುವುದರ ಬದಲು ಚೀಟಿಯಲ್ಲಿ ಬರೆಯುವ ಪದ್ಧತಿ ಇತ್ತು, ಹಾಗಾಗಿ ಧೈರ್ಯ ಬಂತು. ತಂಡ ಒಂದು ಬದಲಾವಣೆ ಒಪ್ಪಿತು: ಸಿಕ್ಕಿಕೊಂಡವರು ಬೋರ್ಡಿನ ಕಾರ್ಡಿಗೆ ಕೆಂಪು ಗುರುತು ಹಾಕುವುದು, ಗುರುತು ಕಂಡವರು ತಾವಾಗಿ ಬಂದು ಕೇಳುವುದು. ರೆಟ್ರೊದಲ್ಲಿ ಹತ್ತು ನಿರ್ಣಯ ಬರೆದರೆ ಒಂದೂ ಆಗುವುದಿಲ್ಲ. ಒಂದೇ ಹಿಡಿಯಿರಿ, ಮುಂದಿನ ಸ್ಪ್ರಿಂಟಿನಲ್ಲಿ ಅದಾಯಿತಾ ಎಂದು ನೋಡಿ. ಜೂನ್‌ನಲ್ಲಿ ಮನೆಯಿಂದ ಕೆಲಸ ಮಾಡುವಾಗ ನಾವು ಹಿಡಿದ ಒಂದು ನಿರ್ಣಯ ಏನಿತ್ತು ಗೊತ್ತಾ? ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಆದ್ದರಿಂದ ಮುಗಿಯದ ಕೋಡನ್ನೂ ಮಧ್ಯಾಹ್ನದೊಳಗೆ ಒಮ್ಮೆ ಸರ್ವರಿಗೆ ಕಳಿಸುವುದು. ಇಷ್ಟೇ. ಆ ಮಳೆಗಾಲ ಯಾರ ಕೆಲಸವೂ ಕಳೆದುಹೋಗಲಿಲ್ಲ.

ಮುಂದಿನ ಶನಿವಾರ ಬರುವಾಗ ಈಗ ನಿಮ್ಮ ಕೈಯಲ್ಲಿ ಅರ್ಧಕ್ಕೆ ನಿಂತಿರುವ ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ತನ್ನಿ. ಕಾಲೇಜಿನ ಪ್ರಾಜೆಕ್ಟ್, ರೆಕಾರ್ಡ್ ಪುಸ್ತಕ, ಸ್ಕಾಲರ್‌ಶಿಪ್ ಅರ್ಜಿ, ಏನಾದರೂ ಆಗಬಹುದು. ಕಳೆದ ನಾಲ್ಕು ವಾರದಲ್ಲಿ ಎಷ್ಟು ಮುಗಿಸಿದಿರಿ ಎಂಬುದನ್ನೂ ಬರೆಯಿರಿ. ಭಾಗಾಕಾರ ಅಲ್ಲೇ ಕೂತು ಮಾಡೋಣ. ನನ್ನ ಚೀಟಿಗಳು ಈಗಲೇ ಹದಿನೇಳು ಆಗಿವೆ.