ಕ್ಯಾನ್ಸರ್ ಬರುವ ಮೊದಲೇ ಸ್ತನ ತೆಗೆಸಿಕೊಂಡರೆ ಆಮೇಲೆ ಮನಸ್ಸು ಹೇಗಿರುತ್ತೆ?

ಪ್ರಶ್ನೆ: ಅಮ್ಮನಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಆಗಿತ್ತು. ನನ್ನ ಪರೀಕ್ಷೆಯಲ್ಲಿ ಬಿಆರ್‌ಸಿಎ1 ಅನ್ನೋ, ಕ್ಯಾನ್ಸರ್ ತಡೆಯೋಕೆ ನೆರವಾಗುವ ಜೀನ್‌ನಲ್ಲಿ ದೋಷ ಇದೆ ಅಂತ ಬಂದಿದೆ. ಎರಡೂ ಸ್ತನ ತೆಗೆಸಿಕೊಂಡರೆ ಭಯ ಹೋಗುತ್ತಾ? ಆಮೇಲೆ ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತಾ?

ಉತ್ತರ: ಭಯ ಬಹುಮಟ್ಟಿಗೆ ಹೋಗುತ್ತದೆ. ಆದರೆ ಅದು ಬಿಟ್ಟುಹೋದ ಜಾಗದಲ್ಲಿ ಕೆಲವರಿಗೆ ಒಂದು ಕೊರಗು ಬಂದು ಕೂರುತ್ತದೆ.

ಈ ದೋಷ ಇರುವ 100 ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷ ಆಗುವುದರೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ಆಪರೇಷನ್ ಆ ಅಪಾಯವನ್ನು ಸುಮಾರು 90 ಪರ್ಸೆಂಟ್ ಇಳಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ನಟಿ ಏಂಜಲಿನಾ ಜೋಲಿ 2013ರಲ್ಲಿ ಇದನ್ನು ಮಾಡಿಸಿಕೊಂಡರು. ಅವರ ತಾಯಿ 56ನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಸ್ತನ ಕ್ಯಾನ್ಸರ್‌ಗೆ ಅಮ್ಮನನ್ನು ಕಳೆದುಕೊಳ್ಳುವ ಭಯ ಇನ್ನು ಬೇಡ ಅಂತ ಮಕ್ಕಳಿಗೆ ಹೇಳಬಹುದಾಯಿತು ಎಂದು ಜೋಲಿ ಬರೆದಿದ್ದರು.

ಆದರೆ ಸಿನಿಮಾ ತಾರೆಯ ಕಥೆಗಿಂತ ಸಾಮಾನ್ಯ ಹೆಂಗಸರ ಮಾತು ಕೇಳುವುದು ವಾಸಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಈ ಆಪರೇಷನ್ ಆದ 572 ಮಂದಿಯನ್ನು ವಿಚಾರಿಸಿ 2000ದಲ್ಲಿ ವರದಿ ಕೊಟ್ಟರು. ಅಷ್ಟರಲ್ಲಿ ಆಪರೇಷನ್ ಆಗಿ ಸರಾಸರಿ ಹದಿನಾಲ್ಕೂವರೆ ವರ್ಷ ಕಳೆದಿತ್ತು. 74 ಪರ್ಸೆಂಟ್ ಮಂದಿ ಕ್ಯಾನ್ಸರ್ ಚಿಂತೆ ಕಡಿಮೆಯಾಗಿದೆ ಅಂದರು. 36 ಪರ್ಸೆಂಟ್ ಮಂದಿಗೆ ತಮ್ಮ ದೇಹ ಮೊದಲಿನಷ್ಟು ಇಷ್ಟವಾಗುತ್ತಿರಲಿಲ್ಲ. ಸುಮಾರು ಕಾಲು ಭಾಗ ಹೆಂಗಸರಿಗೆ ದಾಂಪತ್ಯದ ಸುಖದಲ್ಲಿ, ಹೆಣ್ಣೆಂಬ ಭಾವದಲ್ಲಿ ಏನೋ ಕುಂದಿತ್ತು. ಬೇಸರ ಆದವರು ಕಡಿಮೆ, ಆದರೆ ಬೆರಳೆಣಿಕೆಯಷ್ಟೇ ಅಲ್ಲ.

ಕೊರಗಿಗೆ ಕಾರಣ ಬರೀ ರೂಪ ಅಲ್ಲ. ಹೊಸ ಸ್ತನ ಕಟ್ಟಿಸಿಕೊಂಡರೂ ಅಲ್ಲಿ ಸ್ಪರ್ಶ ಬಹುಪಾಲು ಸತ್ತಿರುತ್ತದೆ. ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೂ ಗೊತ್ತಾಗದೇ ಹೋಗಬಹುದು. ಮಗು ಬಂದು ಎದೆಗೆ ಒರಗಿದರೆ ಭಾರ ತಿಳಿಯುತ್ತದೆ, ಮೆತ್ತಗಿನ ಕೆನ್ನೆ ತಿಳಿಯುವುದಿಲ್ಲ. ಮುಂದೆ ಮಗುವಾದರೆ ಎದೆಹಾಲು ಕೊಡಲಾಗುವುದಿಲ್ಲ. ಮದುವೆ, ಮಕ್ಕಳು ಇನ್ನೂ ಆಗಬೇಕಾದವರು ಇದನ್ನು ಮೊದಲೇ ಯೋಚಿಸಬೇಕು.

ಇನ್ನು ಸುತ್ತಲಿನವರು. ಕ್ಯಾನ್ಸರ್ ಬಂದವರನ್ನು ನೋಡಲು ನೆಂಟರು ಹಣ್ಣು ಹಿಡಿದು ಬರುತ್ತಾರೆ. ನಿಮಗೆ ಕ್ಯಾನ್ಸರ್ರೇ ಬಂದಿಲ್ಲವಲ್ಲ! 'ಸುಮ್ನೆ ಇರೋದನ್ನ ಕತ್ತರಿಸಿಕೊಂಡಳು' ಅನ್ನುವವರು ಸಿಗುತ್ತಾರೆ. ಅತ್ತರೆ 'ಬಚಾವಾದೆ ಅಲ್ವಾ, ಇನ್ನೇನು' ಅನ್ನುತ್ತಾರೆ. ಅಕ್ಕತಂಗಿಯರ ನಡುವೆಯೂ ಇರುಸುಮುರುಸಾಗುತ್ತದೆ. ಈ ದೋಷ ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. ಇಲ್ಲ ಅಂತ ಬಂದವಳಿಗೆ ಅಕ್ಕನ ಮುಖ ನೋಡಲು ಸಂಕೋಚ. ನಿಮ್ಮ ಮಕ್ಕಳಲ್ಲಿ ಹೆಣ್ಣಾಗಲಿ ಗಂಡಾಗಲಿ, ಪ್ರತಿಯೊಬ್ಬರಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕೆಲವು ಅಮ್ಮಂದಿರನ್ನು ತಮ್ಮ ಆಪರೇಷನ್‌ಗಿಂತ ಜಾಸ್ತಿ ಕಾಡುವುದು ಇದೇ.

ನಿಮ್ಮ ಎರಡನೇ ಪ್ರಶ್ನೆಗೆ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1998ರಲ್ಲಿ ನ್ಯೂಯಾರ್ಕಿನ ವೈದ್ಯರು ಈ ಆಪರೇಷನ್ ಆದ 370 ಹೆಂಗಸರನ್ನು ಕೇಳಿದಾಗ 21 ಮಂದಿ ಪಶ್ಚಾತ್ತಾಪ ಪಟ್ಟಿದ್ದರು. ಅವರಲ್ಲಿ ಹೆಚ್ಚಿನವರ ವಿಷಯದಲ್ಲಿ ಆಪರೇಷನ್ ಮಾತು ಮೊದಲು ಎತ್ತಿದ್ದು ಡಾಕ್ಟರು. ಡಾಕ್ಟರ ಜಾಗದಲ್ಲಿ ಅತ್ತೆ, ಗಂಡ, ಅಣ್ಣ ಯಾರನ್ನಿಟ್ಟರೂ ಹಾಗೇ, ನಿರ್ಧಾರ ನಿಮ್ಮದೇ ಆಗಿರಬೇಕು ಅಂತ ನನಗನ್ನಿಸುತ್ತದೆ. ಅವಸರವೇನಿಲ್ಲ. ವರ್ಷ ವರ್ಷ ಎಂಆರ್‌ಐ ಸ್ಕ್ಯಾನ್, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸುತ್ತಾ ಕಾಯುವುದೂ ಒಂದು ದಾರಿ. ಅದರಿಂದ ಕ್ಯಾನ್ಸರ್ ತಪ್ಪುವುದಿಲ್ಲ, ಬೇಗ ಸಿಕ್ಕಿಬೀಳುತ್ತದೆ ಅಷ್ಟೆ.

ಆಪರೇಷನ್ನೇ ಸರಿ ಅನ್ನಿಸಿದರೆ, ಹೊಸ ಸ್ತನ ಕಟ್ಟಿಸಿಕೊಂಡವರ, ಕಟ್ಟಿಸಿಕೊಳ್ಳದೆ ಹಾಗೇ ಬಿಟ್ಟವರ ಫೋಟೋ ತೋರಿಸಿ ಅಂತ ಸರ್ಜನ್‌ಗೆ ಕೇಳಿ. ನಾಚಿಕೆ ಬೇಡ. ಡ್ರೆಸ್ಸಿಂಗ್ ಬಿಚ್ಚಿ ಮೊದಲ ಸಲ ಕನ್ನಡಿ ನೋಡುವಾಗ ಪಕ್ಕದಲ್ಲಿ ಯಾರಿರಬೇಕು, ಯಾರೂ ಇರಬಾರದಾ ಎನ್ನುವುದನ್ನೂ ಈಗಲೇ ಮನೆಯವರಿಗೆ ಹೇಳಿಬಿಡಿ.